ಜಾವಾಸ್ಕ್ರಿಪ್ಟಿನಲ್ಲಿ ಕನ್ನಡದ ಅಕ್ಷರ: ಎಣಿಕೆಯ ಗುಣದೋಷ ವಿಚಾರ

೧

ಕನ್ನಡ ಪಠ್ಯಗಳನ್ನು ಗಣಕಯಂತ್ರದ ನೆರವಿನಿಂದ ಪರಿಶೀಲಿಸುವ ಕಾರ್ಯ ಇಂದು ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಿಗೂ ಬಂದಿದೆ. ಕಾವ್ಯವೊಂದರ ಪದಪ್ರಯೋಗಗಳನ್ನು ಎಣಿಸುವುದು, ಪದ್ಯಗಳ ಗಣವಿಂಗಡಣೆ ಮಾಡುವುದು, ಶಬ್ದಸೂಚಿಯನ್ನು ಅಕಾರಾದಿಯಾಗಿ ಜೋಡಿಸುವುದು, ಗ್ರಾಮನಾಮಗಳನ್ನು ಕೂಡಿಸಿ ಹೋಲಿಸುವುದು, ಇವೆಲ್ಲ ಹಿಂದೆ ಚೀಟಿಗಳ ಮೇಲೆ ವರ್ಷಗಟ್ಟಲೆ ನಡೆಯುತ್ತಿದ್ದ ಕೆಲಸಗಳು. ಇಂದು ಕೆಲವು ಸಾಲುಗಳ ಕ್ರಮವಿಧಿಯಿಂದ ಕ್ಷಣಾರ್ಧದಲ್ಲಿ ಮುಗಿಯುತ್ತವೆ. ಈ ಕ್ರಮವಿಧಿಗಳನ್ನು ಬರೆಯಲು ವಿದ್ಯಾರ್ಥಿಗಳ ಕೈಗೆ ಸುಲಭವಾಗಿ ಸಿಕ್ಕುವ ಭಾಷೆ ಜಾವಾಸ್ಕ್ರಿಪ್ಟ್. ಜಾಲಪುಟಗಳನ್ನು ತೋರಿಸುವ ಪ್ರತಿಯೊಂದು ಬ್ರೌಸರಿನಲ್ಲಿಯೂ ಅದು ಮೊದಲೇ ಸೇರಿಕೊಂಡಿರುವುದರಿಂದ ಬೇರೆ ಸಲಕರಣೆಯೇನೂ ಬೇಕಾಗುವುದಿಲ್ಲ.

ಈ ಭಾಷೆಯಲ್ಲಿ ಪಠ್ಯವನ್ನು ಹಿಡಿದಿಡುವ ಪದಾರ್ಥಕ್ಕೆ 'ಸ್ಟ್ರಿಂಗ್' ಎಂದು ಹೆಸರು. ಕನ್ನಡದಲ್ಲಿ ಇದನ್ನು 'ಅಕ್ಷರಮಾಲೆ' ಎಂದು ಕರೆಯುವುದುಂಟು. ಹೆಸರೇನೋ ಇಂಪಾಗಿದೆ. ಆದರೆ ಆ ಮಾಲೆಯಲ್ಲಿ ಪೋಣಿಸಿರುವುದು ನಿಜವಾಗಿ ಅಕ್ಷರಗಳೇ? ಈ ಪ್ರಶ್ನೆಯನ್ನು ಕೇಳದೆ ಎಣಿಕೆಗೆ ತೊಡಗಿದವನು ಯಂತ್ರ ಕೊಟ್ಟ ಸಂಖ್ಯೆಯನ್ನು ಅಕ್ಷರಸಂಖ್ಯೆಯೆಂದು ನಂಬಿ ಪ್ರಬಂಧದಲ್ಲಿ ಬರೆಯುತ್ತಾನೆ. ಸಂಖ್ಯೆ ತಪ್ಪಾದರೆ ಅದರ ಮೇಲೆ ಕಟ್ಟಿದ ಸಿದ್ಧಾಂತವೂ ನಿಲ್ಲಲಾರದು. ಆದುದರಿಂದ ಈ ಭಾಷೆಯ ಸ್ಟ್ರಿಂಗ್ ವ್ಯವಸ್ಥೆಯ ಗುಣದೋಷಗಳನ್ನು ಕನ್ನಡದ ದೃಷ್ಟಿಯಿಂದ ವಿಚಾರಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗಳನ್ನು ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಸ್ಥಳನಾಮಗಳಿಂದಲೇ ಆಯ್ದುಕೊಂಡಿದೆ. ಓದುಗರು ತಮ್ಮ ತಮ್ಮ ಊರಿನ ಹೆಸರುಗಳಿಂದ ಇವನ್ನು ಪರೀಕ್ಷಿಸಿಕೊಳ್ಳಬಹುದು.

೨

ಮೊದಲು 'ಸಂಪಾಜೆ' ಎಂಬ ಹೆಸರನ್ನು ತೆಗೆದುಕೊಳ್ಳೋಣ. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ದಕ್ಷಿಣ ಕನ್ನಡ ಮುಗಿದು ಕೊಡಗು ತೊಡಗುವ ಎಡೆಯಲ್ಲಿರುವ ಊರು ಇದು. ಕನ್ನಡ ಬಲ್ಲ ಯಾರನ್ನು ಕೇಳಿದರೂ ಈ ಹೆಸರಿನಲ್ಲಿ ಮೂರು ಅಕ್ಷರಗಳಿವೆ ಎನ್ನುವರು: ಸಂ, ಪಾ, ಜೆ. ಜಾವಾಸ್ಕ್ರಿಪ್ಟಿನಲ್ಲಿ ಸ್ಟ್ರಿಂಗಿನ 'ಲೆಂಗ್ತ್' ಎಂಬ ಗುಣವನ್ನು ಕೇಳಿದರೆ ಬರುವ ಉತ್ತರ ಆರು. ಜಾಲತಾಣಗಳ ಸೇವಾಯಂತ್ರಗಳಲ್ಲಿ ಬಳಕೆಯಲ್ಲಿರುವ ಪಿಎಚ್‌ಪಿ ಎಂಬ ಇನ್ನೊಂದು ಭಾಷೆಯ ಮೂಲ ಅಳತೆಯನ್ನು ಕೇಳಿದರೆ, ಪಠ್ಯ ಯುಟಿಎಫ್-೮ ರೂಪದಲ್ಲಿದ್ದ ಪಕ್ಷಕ್ಕೆ, ಬರುವ ಉತ್ತರ ಹದಿನೆಂಟು. ಒಂದೇ ಹೆಸರಿಗೆ ಮೂರು ಎಣಿಕೆಗಳು. ಪಿಎಚ್‌ಪಿ ಎಣಿಸಿದ್ದು ಬೈಟುಗಳನ್ನು. ಕನ್ನಡದ ಪ್ರತಿಯೊಂದು ಲಿಪಿಸಂಕೇತಕ್ಕೂ ಆ ರೂಪದಲ್ಲಿ ಮೂರು ಬೈಟುಗಳು ಬೇಕು. ಜಾವಾಸ್ಕ್ರಿಪ್ಟ್ ಎಣಿಸಿದ್ದು ಯುಟಿಎಫ್-೧೬ ಎಂಬ ರೂಪದ ಹದಿನಾರು ಬಿಟ್ಟಿನ ಘಟಕಗಳನ್ನು: ಸ, ಬಿಂದು, ಪ, ಆಕಾರದ ಚಿಹ್ನೆ, ಜ, ಎಕಾರದ ಚಿಹ್ನೆ.

ಆರು ಎಂಬುದು ಅಕ್ಷರಸಂಖ್ಯೆಯಲ್ಲ, ಸರಿ, ವರ್ಣಸಂಖ್ಯೆಯಾದರೂ ಆಗಿರಬಹುದೇ? ವೈಯಾಕರಣರ ರೀತಿಯಲ್ಲಿ ಬಿಡಿಸಿದರೆ ಸ್, ಅ, ಬಿಂದು, ಪ್, ಆ, ಜ್, ಎ ಎಂದು ಏಳು ವರ್ಣಗಳಾಗುತ್ತವೆ. ಹಾಗಾದರೆ ಯಂತ್ರದ ಎಣಿಕೆ ಅಕ್ಷರಕ್ಕೂ ಹೊಂದದು, ವರ್ಣಕ್ಕೂ ಹೊಂದದು. ಇತರ ಹೆಸರುಗಳನ್ನು ಇಟ್ಟು ನೋಡಿದರೆ ಈ ಸಂಬಂಧ ಇನ್ನೂ ಸ್ಪಷ್ಟವಾಗುತ್ತದೆ.

ಕಡಬ: ಅಕ್ಷರ ೩, ವರ್ಣ ೬, ಘಟಕ ೩.
ಸುಳ್ಯ: ಅಕ್ಷರ ೨, ವರ್ಣ ೫, ಘಟಕ ೫.
ಸಂಪಾಜೆ: ಅಕ್ಷರ ೩, ವರ್ಣ ೭, ಘಟಕ ೬.
ಪುತ್ತೂರು: ಅಕ್ಷರ ೩, ವರ್ಣ ೭, ಘಟಕ ೮.
ಸುಬ್ರಹ್ಮಣ್ಯ: ಅಕ್ಷರ ೪, ವರ್ಣ ೧೧, ಘಟಕ ೧೧.

ಕಡಬದಲ್ಲಿ ಘಟಕಸಂಖ್ಯೆ ಅಕ್ಷರಸಂಖ್ಯೆಗೆ ಸಮವಾಗಿದೆ. ಸುಳ್ಯದಲ್ಲಿಯೂ ಸುಬ್ರಹ್ಮಣ್ಯದಲ್ಲಿಯೂ ವರ್ಣಸಂಖ್ಯೆಗೆ ಸಮವಾಗಿದೆ. ಸಂಪಾಜೆಯಲ್ಲಿ ವರ್ಣಕ್ಕಿಂತ ಒಂದು ಕಡಮೆ. ಪುತ್ತೂರಿನಲ್ಲಿ ಒಂದು ಹೆಚ್ಚು. ಇದು ಯದೃಚ್ಛೆಯಲ್ಲ. ಯೂನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನದ ಲಿಪಿಯೊಳಗೇ ಅಕಾರ ಅಡಗಿರುತ್ತದೆ; ಅದಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಅಕಾರವನ್ನು ತೆಗೆದುಹಾಕಿ ಒತ್ತಕ್ಷರವನ್ನು ಮಾಡಬೇಕಾದಲ್ಲಿ ವಿರಾಮ ಎಂಬ ಹೆಚ್ಚಿನ ಸಂಕೇತ ಬೇಕು. ಆದುದರಿಂದ ವರ್ಣಗಳ ಸಂಖ್ಯೆಯಿಂದ ಅಡಗಿದ ಅಕಾರಗಳನ್ನು ಕಳೆದು ವಿರಾಮಗಳನ್ನು ಕೂಡಿಸಿದರೆ ಯಂತ್ರದ ಎಣಿಕೆ ದೊರೆಯುತ್ತದೆ. ಪುತ್ತೂರಿನಲ್ಲಿ ಅಡಗಿದ ಅಕಾರವೇ ಇಲ್ಲ, ವಿರಾಮ ಒಂದಿದೆ; ಏಳು ಎಂಟಾಯಿತು. ಸುಬ್ರಹ್ಮಣ್ಯದಲ್ಲಿ ಮೂರು ಅಕಾರಗಳನ್ನು ಮೂರು ವಿರಾಮಗಳು ಸರಿದೂಗಿಸಿದುವು.

ಇದರಿಂದ ತಿಳಿಯಬೇಕಾದುದಿಷ್ಟು: 'ಲೆಂಗ್ತ್' ಎಂಬುದು ಬರಹದ ಸಂಕೇತೀಕರಣದ ಒಂದು ಗುಣ, ಭಾಷೆಯ ಗುಣವಲ್ಲ. ಅಕಾರಾಂತ ಪದಗಳು ಹೆಚ್ಚಾಗಿರುವ ಪಠ್ಯ ಈ ಅಳತೆಯಲ್ಲಿ ಕುಗ್ಗಿ ಕಾಣುತ್ತದೆ. ದ್ವಿತ್ವ ಮತ್ತು ಸಂಯುಕ್ತಾಕ್ಷರಗಳು ಹೆಚ್ಚಾಗಿರುವ ಪಠ್ಯ ಹಿಗ್ಗಿ ಕಾಣುತ್ತದೆ. ಸಂಸ್ಕೃತಭೂಯಿಷ್ಠವಾದ ಚಂಪೂಕಾವ್ಯದ ಪದಗಳ ಸರಾಸರಿ ದೈರ್ಘ್ಯವನ್ನೂ ವಚನಗಳ ಪದಗಳ ಸರಾಸರಿ ದೈರ್ಘ್ಯವನ್ನೂ ಈ ಅಳತೆಯಿಂದ ಹೋಲಿಸಿ ಶೈಲಿಯ ಬಗ್ಗೆ ತೀರ್ಮಾನ ಹೇಳುವವನು ಶೈಲಿಯನ್ನಲ್ಲ, ವಿರಾಮಚಿಹ್ನೆಗಳನ್ನು ಅಳೆಯುತ್ತಿರುತ್ತಾನೆ.

೩

ಈ ವ್ಯವಸ್ಥೆ ಹೀಗೇಕಾಯಿತು ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಯೂನಿಕೋಡಿನ ಮೊದಲನೆಯ ಆವೃತ್ತಿ ಪ್ರಕಟವಾದದ್ದು ೧೯೯೧ರಲ್ಲಿ. ಕನ್ನಡ ಅದರಲ್ಲಿಯೇ ಸೇರಿತ್ತು. ಲೋಕದ ಲಿಪಿಗಳೆಲ್ಲ ಹದಿನಾರು ಬಿಟ್ಟುಗಳಲ್ಲಿ, ಎಂದರೆ ೬೫,೫೩೬ ಸ್ಥಾನಗಳಲ್ಲಿ, ಅಡಗುವುವೆಂದು ಆಗ ಭಾವಿಸಲಾಗಿತ್ತು. ಬ್ರೆಂಡನ್ ಐಕ್ ೧೯೯೫ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಜಾವಾಸ್ಕ್ರಿಪ್ಟನ್ನು ರಚಿಸಿದನು. ಮರುವರ್ಷವೇ, ೧೯೯೬ರಲ್ಲಿ, ಯೂನಿಕೋಡಿನ ಎರಡನೆಯ ಆವೃತ್ತಿ ಆ ಮಿತಿಯನ್ನು ಮೀರಿ, ಎರಡು ಘಟಕಗಳ ಜೋಡಿಯಿಂದ ಒಂದು ಸಂಕೇತವನ್ನು ಸೂಚಿಸುವ ಉಪಾಯವನ್ನು ತಂದಿತು. ಆದರೂ ೧೯೯೭ರಲ್ಲಿ ಪ್ರಕಟವಾದ ಭಾಷೆಯ ಮೊದಲ ಪ್ರಮಾಣಗ್ರಂಥದಲ್ಲಿ ಸ್ಟ್ರಿಂಗ್ ಎಂದರೆ ಹದಿನಾರು ಬಿಟ್ಟಿನ ಘಟಕಗಳ ಸರ ಎಂಬ ಲಕ್ಷಣವೇ ನಿಂತಿತು. ಒಮ್ಮೆ ನಿಂತ ಲಕ್ಷಣವನ್ನು ಬದಲಾಯಿಸಿದರೆ ಅದುವರೆಗೆ ಬರೆದ ಜಾಲಪುಟಗಳು ಕೆಡುತ್ತವೆಯಾದುದರಿಂದ ಅದು ಇಂದಿಗೂ ಹಾಗೆಯೇ ಇದೆ.

ಈ ಹಳೆಯ ನಿರ್ಣಯದ ಪರಿಣಾಮ ಕನ್ನಡ ಲಿಪಿಯ ಮೇಲೆ ಅಷ್ಟಾಗಿ ಬೀಳದು. ಕನ್ನಡದ ಸಂಕೇತಗಳೆಲ್ಲ ಮೊದಲಿನ ೬೫,೫೩೬ರ ಒಳಗೇ ಇವೆ. ಆದರೆ ಸಂಪಾಜೆಯ ಸುತ್ತಲಿನ ನಾಡು ಒಂದೇ ನುಡಿಯ ನಾಡಲ್ಲ. ಇಲ್ಲಿ ಮನೆಮಾತಾಗಿ ತುಳು ಉಂಟು, ಅರೆಭಾಷೆ ಉಂಟು. ಅರೆಭಾಷೆಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ತುಳುವಿಗೆ ಸಂಬಂಧಿಸಿದ ತುಳು-ತಿಗಳಾರಿ ಲಿಪಿಯು ಯೂನಿಕೋಡಿನಲ್ಲಿ ಸೇರಿದ್ದು ೨೦೨೪ರ ಸೆಪ್ಟೆಂಬರಿನಲ್ಲಿ ಬಂದ ಹದಿನಾರನೆಯ ಆವೃತ್ತಿಯಲ್ಲಿ; ಅದರ ಸ್ಥಾನ ಹಳೆಯ ಮಿತಿಯಿಂದ ಆಚೆಗೆ. ಆದುದರಿಂದ ಆ ಲಿಪಿಯ ಒಂದೊಂದು ವ್ಯಂಜನವನ್ನೂ ಜಾವಾಸ್ಕ್ರಿಪ್ಟ್ ಎರಡೆಂದು ಎಣಿಸುತ್ತದೆ. ಸ್ಟ್ರಿಂಗನ್ನು ಘಟಕ ಘಟಕವಾಗಿ ಒಡೆದರೆ ಯಾವ ಅರ್ಥವೂ ಇಲ್ಲದ ಅರ್ಧತುಂಡುಗಳು ಕೈಗೆ ಬರುತ್ತವೆ. ತಾಳೆಯೋಲೆಗಳ ಪಠ್ಯಗಳನ್ನು ಇನ್ನು ಮುಂದೆ ಮೂಲಲಿಪಿಯಲ್ಲಿಯೇ ಸಂಪಾದಿಸಲು ಹೊರಡುವ ಸಂಶೋಧಕರು ಇದನ್ನು ಮೊದಲೇ ತಿಳಿದಿರತಕ್ಕದ್ದು. ೨೦೧೫ರ ಆರನೆಯ ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟಿಗೆ ಸಂಕೇತ ಸಂಕೇತವಾಗಿ ನಡೆಯುವ ಹೊಸ ಆವರ್ತನವಿಧಾನ ಬಂದಿದೆ. ಅದನ್ನು ಬಳಸಿದರೆ ಈ ಒಡಕು ತಪ್ಪುತ್ತದೆ.

೪

ಎಣಿಕೆಯ ದೋಷ ಕೇವಲ ಪಂಡಿತರ ತೊಂದರೆಯೆಂದು ಭಾವಿಸಬಾರದು. ಸ್ಟ್ರಿಂಗನ್ನು ಕತ್ತರಿಸುವ ವಿಧಿಗಳೂ ಇದೇ ಘಟಕವನ್ನು ಆಧರಿಸಿವೆ. 'ಸ್ಲೈಸ್' ಎಂಬ ವಿಧಿಯಿಂದ ಸುಳ್ಯದ ಮೊದಲ ಮೂರು ಘಟಕಗಳನ್ನು ತೆಗೆದರೆ 'ಸುಳ' ಎಂದಾಗುತ್ತದೆ. ಹೆಸರಿನ ಜಾಗಕ್ಕೆ ಹತ್ತರ ಮಿತಿಯನ್ನು ಹಾಕಿದ ಅರ್ಜಿಯೊಂದು ಇದೆಯೆನ್ನೋಣ. ಜಾಲಪುಟದ ಅರ್ಜಿಗಳಲ್ಲಿ ಈ ಮಿತಿಯನ್ನು ಅಳೆಯುವುದೂ ಅದೇ ಹದಿನಾರು ಬಿಟ್ಟಿನ ಘಟಕಗಳಿಂದ. ಅಲ್ಲಿ ಸುಬ್ರಹ್ಮಣ್ಯ ಎಂಬ ನಾಲ್ಕಕ್ಷರದ ಹೆಸರು ಹಿಡಿಸುವುದಿಲ್ಲ. 'ಸುಬ್ರಹ್ಮಣ್' ಎಂದು ನಿಲ್ಲುತ್ತದೆ. ಹತ್ತು ಅಕ್ಷರಕ್ಕೆ ಅವಕಾಶವಿದೆಯೆಂದು ಬರೆದಿದ್ದರೂ ನಾಲ್ಕಕ್ಷರದವನಿಗೆ ಎಡೆಯಿಲ್ಲ. ಹೆಸರು ತುಂಡಾದ ವಿದ್ಯಾರ್ಥಿ ತನ್ನ ಅಂಕಪಟ್ಟಿ ತನ್ನದೇ ಎಂದು ಸಾಧಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಸ್ಟ್ರಿಂಗನ್ನು ತಿರುಗಿಸುವುದು ಪಠ್ಯಪುಸ್ತಕಗಳಲ್ಲಿ ಬರುವ ಸಾಮಾನ್ಯ ಅಭ್ಯಾಸ. ಸಂಪಾಜೆಯನ್ನು ಘಟಕಗಳಾಗಿ ಒಡೆದು ತಿರುಗಿಸಿದರೆ ಮೊದಲಿಗೆ ಆಶ್ರಯವಿಲ್ಲದ ಎಕಾರಚಿಹ್ನೆಯೊಂದು ನಿಂತು, ಅದರ ಹಿಂದೆ 'ಜಾಪಂಸ' ಎಂದು ಬರುತ್ತದೆ. ಪಕಾರದ ದೀರ್ಘ ಜಕಾರಕ್ಕೆ ಹೋಯಿತು; ಸಕಾರದ ಬಿಂದು ಪಕಾರಕ್ಕೆ ಬಂದಿತು. ಅಕ್ಷರಗಳನ್ನು ತಿರುಗಿಸಿದ್ದರೆ 'ಜೆಪಾಸಂ' ಎಂದಾಗಬೇಕಿತ್ತು. ಅಂತ್ಯಪ್ರಾಸವನ್ನು ಹುಡುಕಲು ಪದಗಳನ್ನು ತಿರುಗಿಸಿ ಜೋಡಿಸುವ ಕ್ರಮವನ್ನು ಅನುಸರಿಸುವವರಿಗೆ ಈ ದೋಷ ಆಟದ ಮಾತಲ್ಲ.

ಪದಗಳನ್ನು ಗುರುತಿಸುವ ವಿನ್ಯಾಸಸೂತ್ರಗಳಲ್ಲಿ ಪಕ್ಷಪಾತ ಇನ್ನೂ ಎದ್ದು ಕಾಣುತ್ತದೆ. 'ಪದದ ಅಕ್ಷರ' ಎಂಬುದಕ್ಕೆ ಮೊದಲಿನಿಂದ ಇದ್ದ ಸೂತ್ರ ಒಪ್ಪಿಕೊಳ್ಳುವುದು ಉಚ್ಚಾರಚಿಹ್ನೆಯಿಲ್ಲದ ಇಂಗ್ಲಿಷ್ ವರ್ಣಮಾಲೆ, ಹತ್ತು ಅಂಕಿಗಳು ಮತ್ತು ಒಂದು ಅಡಿಗೆರೆ, ಇಷ್ಟನ್ನೇ. ಅದರ ದೃಷ್ಟಿಯಲ್ಲಿ ಕನ್ನಡದ ಕಾವ್ಯವೆಲ್ಲ ಪದಗಳಿಲ್ಲದ ಬಯಲು. ೨೦೧೮ರ ಆವೃತ್ತಿಯಲ್ಲಿ ಯೂನಿಕೋಡಿನ ಗುಣಗಳಿಂದ ಅಕ್ಷರವನ್ನು ಗುರುತಿಸುವ ಸೌಕರ್ಯ ಬಂದಿತು. ಆದರೆ ಅಲ್ಲಿಯೂ ಎಚ್ಚರ ಬೇಕು. ಯೂನಿಕೋಡಿನ ವರ್ಗೀಕರಣದಲ್ಲಿ 'ಅಕ್ಷರ' ಎಂಬ ವರ್ಗಕ್ಕೆ ಸೇರುವುವು ಸ್ವರಗಳೂ ವ್ಯಂಜನಗಳೂ ಮಾತ್ರ. ಗುಣಿತದ ಚಿಹ್ನೆಗಳೂ ಬಿಂದುವೂ ವಿರಾಮವೂ 'ಚಿಹ್ನೆ' ಎಂಬ ಬೇರೆ ವರ್ಗದವು. ಆದುದರಿಂದ 'ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು' ಎಂದು ಆ ಒಂದೇ ವರ್ಗದಿಂದ ಪರೀಕ್ಷಿಸುವ ಕ್ರಮವಿಧಿ ಕಡಬವನ್ನು ಒಳಗೆ ಬಿಡುತ್ತದೆ, ಸಂಪಾಜೆಯನ್ನೂ ಸುಳ್ಯವನ್ನೂ ಪುತ್ತೂರನ್ನೂ ಹೊರಗೆ ನಿಲ್ಲಿಸುತ್ತದೆ. ಎರಡು ವರ್ಗಗಳನ್ನೂ ಕೂಡಿಸಿ ಹೇಳಿದಾಗಲೇ ಸೂತ್ರ ಸರಿಯಾಗುತ್ತದೆ.

ಇನ್ನು ಹೋಲಿಕೆಯ ವಿಚಾರ. ತೋಡಿಕಾನ ಎಂಬ ಹೆಸರಿನ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತದಿಂದ ಬರೆಯಬಹುದು. ಎಕಾರ, ಊಕಾರ ಮತ್ತು ದೀರ್ಘ ಎಂಬ ಮೂರು ಚಿಹ್ನೆಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಘಟಕಗಳ ಎಣಿಕೆಯಲ್ಲಿ ಮೊದಲನೆಯದು ಏಳು, ಎರಡನೆಯದು ಒಂಬತ್ತು. ಸಮವೇ ಎಂದು ಕೇಳಿದರೆ ಯಂತ್ರ ಅಲ್ಲವೆನ್ನುತ್ತದೆ. ೨೦೧೫ರಲ್ಲಿ ಬಂದ 'ನಾರ್ಮಲೈಸ್' ಎಂಬ ವಿಧಿಯಿಂದ ಎರಡನ್ನೂ ಮೊದಲು ಏಕರೂಪಕ್ಕೆ ತಂದುಕೊಂಡರೆ ಈ ಭೇದ ಅಳಿಯುತ್ತದೆ. ಆದರೆ 'ಸಂಪಾಜೆ' ಎಂದು ಬಿಂದುವಿನಿಂದ ಬರೆದುದನ್ನೂ 'ಸಮ್ಪಾಜೆ' ಎಂದು ಅನುನಾಸಿಕದಿಂದ ಬರೆದುದನ್ನೂ ಆ ವಿಧಿ ಒಂದು ಮಾಡಲಾರದು. ಅದು ಲಿಪಿಯ ಸಮತೆಯಲ್ಲ, ವ್ಯಾಕರಣದ ಸಮತೆ. ಅದನ್ನು ಹೇಳಿಕೊಡಬೇಕಾದವನು ಕನ್ನಡ ಬಲ್ಲವನೇ. ಇದರ ವಿಲೋಮವೂ ಉಂಟು. ಸಂಪಾಜೆ ಎಂಬ ಹೆಸರಿನ ಗ್ರಾಮ ಸುಳ್ಯ ತಾಲ್ಲೂಕಿನಲ್ಲಿಯೂ ಇದೆ, ಗಡಿಯಾಚೆ ಕೊಡಗಿನಲ್ಲಿಯೂ ಇದೆ. ಯಂತ್ರದ ಹೋಲಿಕೆಯಲ್ಲಿ ಎರಡು ಊರುಗಳು ಒಂದಾಗುತ್ತವೆ. ಒಂದೇ ತೋಡಿಕಾನ ಎರಡಾಗುತ್ತದೆ. ಸ್ಟ್ರಿಂಗಿನ ಸಮತೆ ವಸ್ತುವಿನ ಸಮತೆಯಲ್ಲವೆಂಬುದನ್ನು ಗ್ರಾಮನಾಮ ಸಂಗ್ರಾಹಕರು ಮರೆಯಬಾರದು.

ಅಕಾರಾದಿ ಕ್ರಮದಲ್ಲಿಯೂ ಹೀಗೆಯೇ. ಜಾವಾಸ್ಕ್ರಿಪ್ಟಿನ 'ಸಾರ್ಟ್' ವಿಧಿ ಬೇರೇನೂ ಹೇಳದಿದ್ದರೆ ಘಟಕಗಳ ಸಂಖ್ಯಾಕ್ರಮವನ್ನು ಅನುಸರಿಸುತ್ತದೆ. ಯೂನಿಕೋಡಿನಲ್ಲಿ ಳಕಾರದ ಸ್ಥಾನ ಲಕಾರದ ಒಡನೆಯೇ, ವಕಾರಕ್ಕಿಂತ ಮೊದಲು. ನಮ್ಮ ನಿಘಂಟುಗಳಲ್ಲಿ ಅದು ಹಕಾರದ ಅನಂತರ. ಆದುದರಿಂದ ಯಂತ್ರದ ಪಟ್ಟಿಯಲ್ಲಿ 'ಬಳ್ಪ' ಮುಂದೆ, 'ಬಸವ' ಹಿಂದೆ; ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಿಂದ ಮೊದಲ್ಗೊಂಡು ಬಂದ ರೂಢಿಗೆ ಇದು ವಿರುದ್ಧ. ಭಾಷಾನುಗುಣವಾದ ಹೋಲಿಕೆಯನ್ನು ಮಾಡುವ ಪ್ರತ್ಯೇಕ ಸಾಧನ ಜಾವಾಸ್ಕ್ರಿಪ್ಟಿನಲ್ಲಿ ಉಂಟು. ಶಬ್ದಸೂಚಿಯನ್ನು ಸಿದ್ಧಪಡಿಸುವವರು ಅದನ್ನೇ ಕರೆಯಬೇಕು, ಫಲವನ್ನು ನಿಘಂಟಿನೊಡನೆ ತಾಳೆ ನೋಡಬೇಕು.

೫

ಹಾಗಾದರೆ ಅಕ್ಷರವನ್ನು ಅಕ್ಷರವಾಗಿ ಎಣಿಸುವ ಉಪಾಯವೇ ಇಲ್ಲವೇ? ಉಂಟು. 'ಸೆಗ್‌ಮೆಂಟರ್' ಎಂಬ ಸಾಧನವು ಪಠ್ಯವನ್ನು ಓದುಗನ ಕಣ್ಣಿಗೆ ಒಂದೆಂದು ತೋರುವ ಗುಚ್ಛಗಳಾಗಿ ವಿಂಗಡಿಸುತ್ತದೆ. ೨೦೨೪ರಲ್ಲಿ ಫೈರ್‌ಫಾಕ್ಸ್ ಇದನ್ನು ಸೇರಿಸಿಕೊಂಡ ಮೇಲೆ ಮುಖ್ಯ ಬ್ರೌಸರುಗಳೆಲ್ಲವೂ ಇದನ್ನು ಬಲ್ಲುವು. ಇದರಿಂದ ಸಂಪಾಜೆ ಮೂರಾಗುತ್ತದೆ. ಬಿಂದುವೂ ಗುಣಿತವೂ ತಮ್ಮ ವ್ಯಂಜನಗಳನ್ನು ಕೂಡಿಕೊಳ್ಳುತ್ತವೆ. ಇದು ಮೆಚ್ಚತಕ್ಕ ಪ್ರಗತಿ.

ಆದರೆ ಒತ್ತಕ್ಷರದ ಎದುರಿಗೆ ಈ ಸಾಧನ ಮುಗ್ಗರಿಸುತ್ತದೆ. ಯೂನಿಕೋಡಿನ ಮೂಲ ನಿಯಮದ ಪ್ರಕಾರ ವಿರಾಮದ ಅನಂತರ ಗುಚ್ಛ ಮುರಿಯುತ್ತದೆ. ಸುಳ್ಯ ಎಂಬುದು ಸು, ಳ್, ಯ ಎಂದು ಮೂರಾಗುತ್ತದೆ, ಪುತ್ತೂರು ಪು, ತ್, ತೂ, ರು ಎಂದು ನಾಲ್ಕಾಗುತ್ತದೆ, ಸುಬ್ರಹ್ಮಣ್ಯ ಏಳಾಗುತ್ತದೆ. ಭಾರತೀಯ ಲಿಪಿಗಳಿಗೆ ಇದು ಒಗ್ಗದೆಂದು ಕಂಡು ೨೦೨೩ರ ೧೫.೧ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಮುರಿಯದ ಹೊಸ ನಿಯಮವನ್ನು ಸೇರಿಸಲಾಯಿತು. ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒರಿಯಾ, ತೆಲುಗು, ಮಲಯಾಳ ಎಂಬ ಆರು ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಆ ನಿಯಮದಂತೆ ಪುತ್ತೂರು ಎಂಬ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆದರೆ ಮೂರು, ಕನ್ನಡ ಲಿಪಿಯಲ್ಲಿ ಬರೆದರೆ ನಾಲ್ಕು. ಒತ್ತಕ್ಷರವನ್ನು ವ್ಯಂಜನದ ಕೆಳಗೆ ಬರೆಯುವ ಕ್ರಮದಲ್ಲಿ ಕನ್ನಡಕ್ಕೂ ತೆಲುಗಿಗೂ ಇರುವ ಸಾಮ್ಯವನ್ನು ಬಲ್ಲವರಿಗೆ ಈ ಭೇದ ವಿಚಿತ್ರವಾಗಿ ಕಾಣುವುದು ಸಹಜ. ಇದು ಜಾವಾಸ್ಕ್ರಿಪ್ಟಿನ ದೋಷವಲ್ಲ, ಅದು ನೆಚ್ಚಿರುವ ಪ್ರಮಾಣದ ನ್ಯೂನತೆ.

ಇಲ್ಲಿ ಒಂದು ಪೂರ್ವಪಕ್ಷ ಹುಟ್ಟಬಹುದು. ಅಕ್ಷರವೆಂದರೇನೆಂದು ಕನ್ನಡಿಗರಲ್ಲಿಯೇ ಏಕಾಭಿಪ್ರಾಯವಿಲ್ಲದಿರುವಾಗ ಯಂತ್ರವನ್ನು ದೂಷಿಸುವುದೇಕೆ? ಈ ಮಾತಿನಲ್ಲಿ ಸತ್ಯಾಂಶವಿದೆ. 'ಬ್ಯಾಂಕ್' ಎಂಬ ಪದದ ಕೊನೆಯ ಕಕಾರವನ್ನು ಬರಹದಲ್ಲಿ ಒಂದು ಅಕ್ಷರವೆಂದು ಎಣಿಸುತ್ತೇವೆ. ಛಂದಸ್ಸಿನಲ್ಲಿ ಅದು ಹಿಂದಿನ ಅಕ್ಷರಕ್ಕೆ ಸೇರಿಹೋಗುತ್ತದೆ. ಸಂಯುಕ್ತಾಕ್ಷರದ ಹಿಂದಿನ ಲಘು ಗುರುವಾಗುತ್ತದೆಯೆಂಬ ನಿಯಮಕ್ಕೆ ಹಳಗನ್ನಡದಲ್ಲಿ ಶಿಥಿಲದ್ವಿತ್ವದ ಅಪವಾದವುಂಟು. ಅದು ಉಚ್ಚಾರಣೆಗೆ ಸೇರಿದುದು, ಲಿಪಿಯನ್ನು ಮಾತ್ರ ನೋಡುವ ಯಂತ್ರಕ್ಕೆ ಕಾಣದು. ಆದರೆ ಇದರಿಂದ ಸಿದ್ಧವಾಗುವುದು ಅಕ್ಷರಕ್ಕೆ ಎರಡು ಲಕ್ಷಣಗಳು ಬೇಕೆಂಬುದು, ಲಕ್ಷಣವೇ ಬೇಡವೆಂಬುದಲ್ಲ. ನಮ್ಮ ಶಾಸ್ತ್ರಕಾರರು ಈ ವಿವೇಕವನ್ನು ತೋರಿದ್ದಾರೆ. ಕೇಶಿರಾಜನ ಶಬ್ದಮಣಿದರ್ಪಣ ವರ್ಣಗಳ ವಿಚಾರವನ್ನು ಎತ್ತಿಕೊಂಡಿತು. ನಾಗವರ್ಮನ ಛಂದೋಂಬುಧಿ ಗುರುಲಘುಗಳನ್ನು ವಿಚಾರಿಸಿತು. ಎರಡು ಶಾಸ್ತ್ರಗಳು, ಎರಡು ಮಾನಗಳು. ಯಾವ ಮಾನದಿಂದ ಅಳೆಯುತ್ತಿದ್ದೇವೆಂಬುದನ್ನು ಅವರು ಮರೆಮಾಚಲಿಲ್ಲ. ಜಾವಾಸ್ಕ್ರಿಪ್ಟಿನ ಮೇಲೆ ಹೊರಿಸಬೇಕಾದ ಮುಖ್ಯ ಆಕ್ಷೇಪ ಅದು ಹದಿನಾರು ಬಿಟ್ಟಿನ ಘಟಕವನ್ನು ಆಯ್ದುಕೊಂಡಿತೆಂಬುದಲ್ಲ, ಆ ಘಟಕದ ಎಣಿಕೆಗೆ 'ದೈರ್ಘ್ಯ' ಎಂಬ ಸಾಮಾನ್ಯನಾಮವನ್ನು ಕೊಟ್ಟು ಮಾನವನ್ನು ಮರೆಮಾಡಿತೆಂಬುದು.

೬

ಈ ಕೊರತೆಯನ್ನು ಕನ್ನಡದ ವಿದ್ಯಾರ್ಥಿ ತಾನೇ ತುಂಬಿಕೊಳ್ಳಬಹುದು. ಲಿಪ್ಯಕ್ಷರದ ಸೂತ್ರವನ್ನು ಹೀಗೆ ಕಟ್ಟಬಹುದು: ವ್ಯಂಜನ ಮತ್ತು ವಿರಾಮಗಳ ಜೋಡಿ ಎಷ್ಟಾದರೂ, ಬಳಿಕ ಒಂದು ವ್ಯಂಜನ, ಬಳಿಕ, ಇದ್ದರೆ, ಒಂದು ಗುಣಿತಚಿಹ್ನೆ ಅಥವಾ ಪದಾಂತ್ಯದ ವಿರಾಮ, ಬಳಿಕ, ಇದ್ದರೆ, ಬಿಂದು ಅಥವಾ ವಿಸರ್ಗ. ಇದಲ್ಲದಿದ್ದರೆ ಒಂದು ಸ್ವರ, ಅದರ ಹಿಂದೆ ಬಿಂದು ಅಥವಾ ವಿಸರ್ಗ. ಪಠ್ಯವನ್ನು ಮೊದಲು ಏಕರೂಪಕ್ಕೆ ತಂದು ಈ ಸೂತ್ರವನ್ನು ಹಚ್ಚಿದರೆ ಸುಳ್ಯ ಎರಡು, ಪುತ್ತೂರು ಮೂರು, ಸುಬ್ರಹ್ಮಣ್ಯ ನಾಲ್ಕು ಎಂದೇ ಬರುತ್ತದೆ. ಇದರ ಮೇಲೆ ಗುರುಲಘು ವಿವೇಕವನ್ನು ಕಟ್ಟಿದರೆ ಮಾತ್ರೆಗಳ ಲೆಕ್ಕವೂ ದೊರೆಯುತ್ತದೆ. ಸಂಪಾಜೆಯೂ ಪುತ್ತೂರೂ ಎರಡು ಗುರು, ಒಂದು ಲಘುವಿನ ಐದೈದು ಮಾತ್ರೆಗಳ ಹೆಸರುಗಳು. ಆರು ಎಂಟು ಎಂದು ಯಂತ್ರ ಬೇರ್ಪಡಿಸಿದುದನ್ನು ಛಂದಸ್ಸು ಒಂದೇ ತೂಕಕ್ಕೆ ತರುತ್ತದೆ.

ಹಳಗನ್ನಡದ ಪಠ್ಯಗಳಲ್ಲಿ ಒಂದು ವಿಶೇಷ ಎಚ್ಚರ ಬೇಕು. ವ್ಯಂಜನಗಳನ್ನು 'ಕಕಾರದಿಂದ ಹಕಾರದವರೆಗೆ' ಎಂದು ಸೂತ್ರದಲ್ಲಿ ಬರೆದರೆ ಯೂನಿಕೋಡಿನ ಕ್ರಮದಲ್ಲಿ ಳಕಾರವೂ ಱಕಾರವೂ ಒಳಗೆ ಬರುತ್ತವೆ. ೞಕಾರ ಮಾತ್ರ ಹೊರಗೆ ಉಳಿಯುತ್ತದೆ, ಏಕೆಂದರೆ ಅದರ ಸ್ಥಾನ ಗುಣಿತಚಿಹ್ನೆಗಳ ಆಚೆಗೆ. ಅಷ್ಟೇ ಅಲ್ಲ, ಆ ಪ್ರಮಾಣದಲ್ಲಿ ಅದಕ್ಕೆ 'ಎಫ್‌ಎ' ಎಂಬ ಸಲ್ಲದ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ; ಆದುದರಿಂದ ತಿದ್ದುಪಡಿಯ ಅಡ್ಡಹೆಸರೊಂದನ್ನು ಸೇರಿಸಿ ಸಮಾಧಾನಪಟ್ಟಿದ್ದಾರೆ. ಪಂಪರನ್ನರ ಪಠ್ಯಗಳನ್ನು ಎಣಿಸುವವರು ೞಕಾರವನ್ನು ಹೆಸರಿಸಿಯೇ ಸೂತ್ರದಲ್ಲಿ ಸೇರಿಸಿಕೊಳ್ಳಬೇಕು.

ಲಿಪಿ, ಛಂದಸ್ಸು, ಯಂತ್ರ ಈ ಮೂರನ್ನೂ ಒಟ್ಟಿಗೆ ಚಿಂತಿಸುವುದು ಈ ಸೀಮೆಗೆ ಹೊಸತಲ್ಲ. 'ಛಂದೋಗತಿ'ಯನ್ನು ಬರೆದ ಸೇಡಿಯಾಪು ಕೃಷ್ಣಭಟ್ಟರು ಪುತ್ತೂರು ಸೀಮೆಗೆ ಸೇರಿದ ವಿದ್ವಾಂಸರು. ಗಣಕಯಂತ್ರದಲ್ಲಿ ಕನ್ನಡವನ್ನು ಉಚ್ಚಾರಾನುಸಾರಿಯಾಗಿ ಮೂಡಿಸುವ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾವ್ ಅವರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ಛಂದಶ್ಶಾಸ್ತ್ರಜ್ಞನ ಹೆಸರು ಯಂತ್ರದ ಸಾಧನಕ್ಕೆ ಬಂದುದರಲ್ಲಿ ಔಚಿತ್ಯವಿದೆ: ಅಕ್ಷರವನ್ನು ಯಂತ್ರಕ್ಕೆ ಕಲಿಸಬೇಕಾದವನು ಮೊದಲು ಅಕ್ಷರಸ್ವರೂಪವನ್ನು ತಿಳಿದವನಾಗಿರಬೇಕು.

ಈ ವಿಚಾರದಿಂದ ನಮ್ಮ ವಿಭಾಗಗಳಿಗೆ ಎರಡು ಕರ್ತವ್ಯಗಳು ಒದಗುತ್ತವೆ. ಒಂದನೆಯದು, ಎಣಿಕೆಯನ್ನು ಆಧರಿಸಿದ ಪ್ರತಿಯೊಂದು ಪ್ರಬಂಧದಲ್ಲಿಯೂ ಎಣಿಸಿದುದು ಘಟಕವೋ, ಗುಚ್ಛವೋ, ಲಿಪ್ಯಕ್ಷರವೋ, ಛಂದೋಕ್ಷರವೋ ಎಂಬುದನ್ನು ಮೊದಲ ಪುಟದಲ್ಲಿಯೇ ಹೇಳುವುದು; ಹೇಳದ ಸಂಖ್ಯೆಯನ್ನು ಪರೀಕ್ಷಕರು ಒಪ್ಪದಿರುವುದು. ಎರಡನೆಯದು, ಕನ್ನಡದ ಲಿಪ್ಯಕ್ಷರದ ಲಕ್ಷಣವನ್ನು ನಿರ್ದಿಷ್ಟವಾಗಿ ಬರೆದು, ಸಂಯುಕ್ತಾಕ್ಷರದ ನಿಯಮ ಕನ್ನಡಕ್ಕೂ ಏಕೆ ಸಲ್ಲಬೇಕು, ಎಲ್ಲಿ ಸಲ್ಲಬಾರದು ಎಂಬುದನ್ನು ಉದಾಹರಣೆಗಳೊಡನೆ ಯೂನಿಕೋಡ್ ಸಂಸ್ಥೆಯ ಮುಂದಿಡುವುದು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಕೊರಗುವುದರಿಂದ ಪ್ರಯೋಜನವಿಲ್ಲ. ಲಕ್ಷಣವನ್ನು ಬರೆದು ಒಪ್ಪಿಸುವುದು ವಿದ್ವಾಂಸರ ಕೆಲಸ, ಎಂಜಿನಿಯರುಗಳದಲ್ಲ. ಅಲ್ಲಿಯವರೆಗೆ 'ಅಕ್ಷರಮಾಲೆ' ಎಂಬ ಅನುವಾದವನ್ನು ಬಿಟ್ಟು 'ಸಂಕೇತಮಾಲೆ' ಎಂದು ಹೇಳುವುದೇ ಹೆಚ್ಚು ಪ್ರಾಮಾಣಿಕವಾದ ನಡೆ.